ಸಾವಿರಕ್ಕೆ ಎಷ್ಟು?

ನಮ್ಮ ಸೀಮೆಯಲ್ಲಿ ತೆಂಗಿನಕಾಯಿ ವ್ಯಾಪಾರ ಸಾವಿರದ ಮೇಲೆ. ಒಂದು ಕಾಯಿಗೆ ಎಷ್ಟು ಎಂದು ಕೇಳುವವನು ಬೆಂಗಳೂರಿಂದ ಬಂದ ನೆಂಟ. ತೋಟದವನು ಕೇಳುವುದು 'ಸಾವಿರಕ್ಕೆಷ್ಟಣ್ಣ?' ಎಂದೇ. ನಮ್ಮ ಮನೆಯ ಅಂಗಳದಲ್ಲಿ ಕಾಯಿ ಎಣಿಸುತ್ತಿದ್ದವರು ಕೈಗೆರಡರಂತೆ ಎತ್ತಿ ಗುಡ್ಡೆಗೆ ಎಸೆಯುತ್ತ ಹೋಗುತ್ತಿದ್ದರು. ನೂರಾದಾಗ ಒಂದು ಕಾಯಿಯನ್ನು ಪಕ್ಕಕ್ಕೆ ಇಡುತ್ತಿದ್ದರು. ಸಂಜೆ ಆ ಪಕ್ಕದ ಕಾಯಿಗಳನ್ನು ಎಣಿಸಿದರೆ ಎಷ್ಟು ನೂರು ಎಂದು ಗೊತ್ತಾಗುತ್ತಿತ್ತು. ಮಧ್ಯದಲ್ಲಿ ಯಾರಾದರೂ ಮಾತಾಡಿಸಿದರೆ ಬೈಗುಳ ಗ್ಯಾರಂಟಿ.

ಕೊಬ್ಬರಿ ಮಾಡುವವರದು ಇನ್ನೊಂದು ಸಾವಿರದ ಲೆಕ್ಕ. ಅಟ್ಟಕ್ಕೆ ಹಾಕಿದ ಕಾಯಿ ಹತ್ತು ಹನ್ನೊಂದು ತಿಂಗಳು ಅಲ್ಲೇ ಇದ್ದು, ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗಿಟುಕು ಗಡಗಡ ಎನ್ನಬೇಕು. ಸುಲಿದು ಒಡೆಯುವಾಗ ಕೆಲವು ಕೆಟ್ಟಿರುತ್ತವೆ. ಸಾವಿರಕ್ಕೆ ಹತ್ತೋ ಇಪ್ಪತ್ತೋ ಕೆಟ್ಟರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನೂರು ಕೆಟ್ಟರೆ, ಪಕ್ಕದ ಮನೆಯವರಿಗೆ ಎಷ್ಟು ಕೆಟ್ಟವು ಎಂದು ವಿಚಾರಿಸುತ್ತಾರೆ. ಅದೇ ತೋಟದ ಸಾಲು, ಅದೇ ಕೊಯ್ಲು, ಅವರದು ಚೆನ್ನಾಗಿದೆ ಎಂದರೆ ಕಾಯಿಯನ್ನು ಬೈಯುವುದು ಬಿಟ್ಟು ಏಣಿ ಹಾಕಿ ಹೆಂಚು ನೋಡುತ್ತಾರೆ. ಎಲ್ಲೋ ಸೋರಿರುತ್ತದೆ.

ಇಷ್ಟೇ ಬುದ್ಧಿಯನ್ನು ಯುದ್ಧದ ಆಸ್ಪತ್ರೆಗೆ ಹಾಕಿ ನೋಡಿದ ಒಬ್ಬ ನರ್ಸಮ್ಮನ ಕತೆ ಇದು. ಹೆಸರು ನಿಮಗೆಲ್ಲ ಗೊತ್ತು, ಮೂರನೇ ಕ್ಲಾಸಿನ ಪಾಠದಿಂದಲೇ ಗೊತ್ತು. ಆದರೆ ಪಾಠದಲ್ಲಿ ದೀಪ ಇತ್ತು, ಲೆಕ್ಕ ಇರಲಿಲ್ಲ. ಸೋರುತ್ತಿದ್ದ ಅಟ್ಟ ಆಕೆಯದೇ ಆಗಿತ್ತು ಎನ್ನುವುದಂತೂ ಇರಲೇ ಇಲ್ಲ.

ಇದೆಲ್ಲ ತಲೆಗೆ ಬಂದದ್ದು ಬೋರನಕಣಿವೆಯ ಏರಿಯ ಮೇಲೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ, ಹುಳಿಯಾರಿನ ಆಚೆ, ಸುವರ್ಣಮುಖಿ ಹೊಳೆ ಗುಡ್ಡಗಳ ನಡುವೆ ನುಸುಳುವ ಇಕ್ಕಟ್ಟಿಗೆ ಅಡ್ಡ ಕಟ್ಟಿದ ಜಲಾಶಯ ಅದು. ಹೆಸರಿಗೆ ಹೊಳೆ, ನೀರು ನೆಚ್ಚುವ ಹಾಗಿಲ್ಲ. ನಾನು ಹೋದ ಸಲ ನೀರಿತ್ತು. ಆಡು ಮೇಯಿಸುತ್ತಿದ್ದ ಯಜಮಾನರೊಬ್ಬರು ಕಲ್ಲಿನ ಮೇಲೆ ಕೂತಿದ್ದರು.

"ಯಾವೂರಾಯ್ತು ಸ್ವಾಮಿ?"

"ತಿಪಟೂರು ಕಡೆ, ಯಜಮಾನ್ರೆ."

"ನೀರ್ ನೋಡಾಕ್ ಬಂದ್ರಾ? ನೋಡ್ಕಳಿ, ಇರೋವಾಗ್ಲೇ ನೋಡ್ಕಳಿ."

ಈ ಕಟ್ಟೆ ಯಾವಾಗ ಕಟ್ಟಿದ್ದು ಎಂದು ಕೇಳಿದೆ. ಇಸವಿ ಹೇಳಲಿಲ್ಲ. "ಬರ ಆದ್ಮೇಲೆ" ಎಂದರು.

"ಯಾವ ಬರ?"

"ಯಾವ ಬರ ಅಂದ್ರೆ? ಧಾತು ಈಶ್ವರದ ಬರ. ನಮ್ಮಜ್ಜನ ಅಪ್ಪನ ಕಾಲ್ದಾಗೆ. ಊರಾಗೆ ಇದ್ದೋರೆಷ್ಟು, ಹೋದೋರೆಷ್ಟು ಅಂತ ಲೆಕ್ಕ ಇಟ್ಟೋರು ಯಾರು ಸ್ವಾಮಿ?"

ಧಾತು, ಈಶ್ವರ ಎರಡೂ ಸಂವತ್ಸರದ ಹೆಸರು. ಇಂಗ್ಲಿಷ್ ಲೆಕ್ಕದಲ್ಲಿ 1876ರಿಂದ 1878. ಆ ಬರದಲ್ಲಿ ಸತ್ತವರ ಲೆಕ್ಕವನ್ನು ಊರಿನಲ್ಲಿ ಇಟ್ಟವರಿಲ್ಲ, ನಿಜ. ಆದರೆ ಸತ್ತವರನ್ನು ಎಣಿಸಬೇಕು, ಎಣಿಸದ ಸಾವಿಗೆ ಯಾರೂ ಜವಾಬು ಕೊಡುವುದಿಲ್ಲ ಎಂದು ಲಂಡನ್ನಿನ ಒಂದು ಕೋಣೆಯಲ್ಲಿ ಹಾಸಿಗೆ ಹಿಡಿದೇ ಹಟ ಮಾಡುತ್ತಿದ್ದ ಹೆಂಗಸೊಬ್ಬಳಿದ್ದಳು. ಆ ಹಟ ಹುಟ್ಟಿದ್ದು ಆ ಬರಕ್ಕಿಂತ ಇಪ್ಪತ್ತೆರಡು ವರ್ಷ ಮೊದಲು, ತುರ್ಕಿಯ ಒಂದು ಬ್ಯಾರಕ್ಕಿನಲ್ಲಿ.

1854ರ ಅಕ್ಟೋಬರ್ 21ರಂದು ಫ್ಲಾರೆನ್ಸ್ ನೈಟಿಂಗೇಲ್ 38 ಮಂದಿ ಹೆಂಗಸರನ್ನು ಕಟ್ಟಿಕೊಂಡು ಲಂಡನ್ ಬಿಟ್ಟಾಗ ಆಕೆಗೆ 34 ವರ್ಷ. ರಷ್ಯಾದ ಮೇಲೆ ಬ್ರಿಟನ್, ಫ್ರಾನ್ಸ್, ತುರ್ಕಿ ಸೇರಿ ಕ್ರಿಮಿಯಾದಲ್ಲಿ ಯುದ್ಧ ಮಾಡುತ್ತಿದ್ದವು. ಗಾಯಾಳುಗಳನ್ನೂ ಕಾಯಿಲೆಯವರನ್ನೂ ಹಡಗಿನಲ್ಲಿ ಕಪ್ಪುಸಮುದ್ರ ದಾಟಿಸಿ ಇಸ್ತಾಂಬುಲ್‌ನ ಎದುರು ದಡದ ಸ್ಕುಟಾರಿಗೆ ತರುತ್ತಿದ್ದರು. ಈಗ ಅದು ಉಸ್ಕುದಾರ್. ತುರ್ಕಿ ಸೈನ್ಯದ ದೊಡ್ಡ ಚೌಕದ ಬ್ಯಾರಕ್ಕನ್ನೇ ಆಸ್ಪತ್ರೆ ಮಾಡಿದ್ದರು. ಆಕೆಯ ಜೊತೆ ಹೊರಟವರಲ್ಲಿ ಹತ್ತು ಮಂದಿ ಕ್ಯಾಥೊಲಿಕ್ ಸನ್ಯಾಸಿನಿಯರು, ಹದಿನಾಲ್ಕು ಮಂದಿ ಆಸ್ಪತ್ರೆಗಳಲ್ಲಿ ಕೂಲಿಗೆ ದುಡಿದ ಹೆಂಗಸರು, ಮಿಕ್ಕವರು ಆಂಗ್ಲಿಕನ್ ಸೇವಾಸಂಘಗಳವರು. ಸನ್ಯಾಸಿನಿಯರಿಗೂ ಕೂಲಿಯವರಿಗೂ ಆಗಿಬರುತ್ತಿರಲಿಲ್ಲ. ಒಂದು ಮದುವೆಮನೆಗೆ ಎರಡು ಊರಿನ ಅಡಿಗೆಯವರನ್ನು ಕರೆಸಿದರೆ ಏನಾಗುತ್ತದೆ ಎಂದು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನವೆಂಬರ್ 4ರಂದು ತಲುಪಿದರು. ಮಿಲಿಟರಿ ಡಾಕ್ಟರುಗಳಿಗೆ ಇವರು ಬೇಡವಾಗಿತ್ತು. ಹೆಂಗಸರನ್ನು ವಾರ್ಡಿಗೆ ಬಿಡಲಿಲ್ಲ. ನೈಟಿಂಗೇಲ್ ಜಗಳಕ್ಕೆ ಹೋಗಲಿಲ್ಲ. ಡಾಕ್ಟರು ಕರೆಯುವ ತನಕ ಯಾರೂ ರೋಗಿಯನ್ನು ಮುಟ್ಟಕೂಡದು ಎಂದು ತನ್ನವರಿಗೇ ಕಟ್ಟಪ್ಪಣೆ ಮಾಡಿ ಎಲ್ಲರನ್ನೂ ಹಳೇ ಬಟ್ಟೆ ಹೊಲಿಯಲು, ದಿಂಬಿಗೆ ಹುಲ್ಲು ತುಂಬಲು ಕೂರಿಸಿದಳು. ಯುದ್ಧಕ್ಕೆಂದು ಸಮುದ್ರ ದಾಟಿ ಬಂದು ಪಕ್ಕದ ಕೋಣೆಯ ನರಳಾಟ ಕೇಳುತ್ತ ದಿಂಬು ಹೊಲಿಯುವುದು ಅವರಿಗೆ ಹೇಗಾಗಿರಬೇಡ. ಬಂದ ಮರುದಿನವೇ ಕ್ರಿಮಿಯಾದಲ್ಲಿ ಇಂಕರ್ಮನ್ ಕದನ. ಕೆಲವೇ ದಿನದಲ್ಲಿ ಗಾಯಾಳುಗಳು ಹಡಗುಗಟ್ಟಲೆ ಬಂದರು. ಆಗ ಡಾಕ್ಟರುಗಳೇ ಬಂದು ಕರೆದರು.

ಒಳಗಿನ ಸ್ಥಿತಿ ಹೀಗಿತ್ತು. ವಾರ್ಡು ತುಂಬಿ ಮೊಗಸಾಲೆಗಳಲ್ಲೂ ಹಾಸಿಗೆ. ಒಂದರ ಪಕ್ಕ ಒಂದು ಸಾಲು ಹಿಡಿದರೆ ನಾಲ್ಕು ಮೈಲಿ ಎಂದು ಆಕೆಯ ಲೆಕ್ಕ. ತಲೆಗೆ ದಿನಕ್ಕೆ ಒಂದು ಪೈಂಟ್ ನೀರು, ಎಂದರೆ ದೊಡ್ಡದೊಂದು ಎಳನೀರಿನಷ್ಟು. ಕುಡಿಯಲಿಕ್ಕೂ ಅದೇ, ತೊಳೆಯಲಿಕ್ಕೂ ಅದೇ. ಬೇಸಿನ್ನಿಲ್ಲ, ಸೋಪಿಲ್ಲ, ಟವೆಲಿಲ್ಲ. ಹೊದಿಕೆಗೆಂದು ಕೊಟ್ಟದ್ದು ಗೋಣಿಯಂಥ ಕ್ಯಾನ್ವಾಸು; ಅದನ್ನು ಹಾಕಬೇಡಿ, ನಮ್ಮ ಕಂಬಳಿಯಲ್ಲೇ ಬಿಡಿ ಎಂದು ಗಾಯಗೊಂಡವರು ಅಂಗಲಾಚುತ್ತಿದ್ದರು. ಕಂಬಳಿಯ ತುಂಬ ಹೇನು. ಕಾಲು ಕತ್ತರಿಸುವುದು ಉಳಿದ ರೋಗಿಗಳ ಕಣ್ಣೆದುರೇ ನಡೆಯುತ್ತಿತ್ತು. ಮುಂದೆ ತನ್ನ ಕಾಲಿಗೂ ಇದೇ ಎಂದು ನೋಡುತ್ತ ಮಲಗಿರಬೇಕು. ಅದಕ್ಕೊಂದು ಮರೆಯ ಪರದೆ ತರಿಸಿದ್ದು ಈಕೆ. ಪಕ್ಕದಲ್ಲೊಂದು ಮನೆ ಬಾಡಿಗೆಗೆ ಹಿಡಿದು, ನೀರು ಕಾಯಿಸುವ ಹಂಡೆಗಳನ್ನು ಹಾಕಿಸಿ, ಸೈನಿಕರ ಹೆಂಡತಿಯರನ್ನು ಸಂಬಳಕ್ಕೆ ಇಟ್ಟು ಬಟ್ಟೆ ಒಗೆಸಲು ಶುರು ಮಾಡಿದಳು. ನೆಲ ಉಜ್ಜುವ ಬ್ರಷ್ಷು ಮಾರುಕಟ್ಟೆಯಿಂದ ಬಂತು. ಕಾಯಿಲೆಯವರಿಗೆ ತಿನ್ನಲಾಗುವಂಥ ಅಡಿಗೆ ಬೇರೆ ಒಲೆಯ ಮೇಲೆ ಶುರುವಾಯಿತು. ಸೈನಿಕರು ಊರಿಗೆ ಬರೆಯುವ ಕಾಗದ, ಸತ್ತವರ ತಾಯಂದಿರಿಗೆ ಬರೆಯುವ ಕಾಗದ, ಎಲ್ಲ ರಾತ್ರಿ ಹೊತ್ತು.

ರಾತ್ರಿ ಎಂದಾಗ ದೀಪದ ಮಾತು ಬರುತ್ತದೆ. ನಮ್ಮ ನರ್ಸಿಂಗ್ ಕಾಲೇಜುಗಳಲ್ಲಿ ದೀಪ ಹಚ್ಚುವ ಕಾರ್ಯಕ್ರಮಕ್ಕೆ ಹಣತೆಯಂಥದ್ದೋ ಅಲ್ಲಾವುದ್ದೀನನ ಕತೆಯಂಥದ್ದೋ ದೀಪ ಇಡುತ್ತಾರೆ. ಆಕೆಯ ಕೈಲಿದ್ದದ್ದು ತುರ್ಕಿಯವರು ಬಳಸುವ ಮಡಚುವ ಲಾಟೀನು, ಒಳಗೊಂದು ಮೇಣದ ಬತ್ತಿ. ಮಾರ್ಕೆಟ್ಟಿನ ಸಾಮಾನು.

ಇಷ್ಟೆಲ್ಲ ಮಾಡಿದರೂ ಜನ ಸಾಯುತ್ತಿದ್ದರು. ಕಡಿಮೆಯಾಗುವುದು ಹಾಗಿರಲಿ, ಹೆಚ್ಚಾದರು. ಆ ಮೊದಲ ಚಳಿಗಾಲದಲ್ಲಿ ಸ್ಕುಟಾರಿಯಲ್ಲಿ ಸತ್ತವರು 4,077. 1855ರ ಫೆಬ್ರುವರಿಯಲ್ಲಂತೂ ಚಿಕಿತ್ಸೆ ಪಡೆದ ನೂರಕ್ಕೆ 42 ಮಂದಿಗೂ ಹೆಚ್ಚು ಹೋದರು. ಗುಂಡೇಟಿನಿಂದಲ್ಲ, ಕಾಲರಾ, ಆಮಶಂಕೆ, ವಿಷಮಶೀತ ಜ್ವರ. ಆಗ ಆಕೆ ನಂಬಿದ್ದದ್ದು ಇದು: ಸೈನಿಕರು ಮುಂಚೂಣಿಯಲ್ಲಿ ಅನ್ನವಿಲ್ಲದೆ, ಬಟ್ಟೆಯಿಲ್ಲದೆ, ನಿದ್ದೆಯಿಲ್ಲದೆ ಅರ್ಧ ಸತ್ತೇ ಬರುತ್ತಿದ್ದಾರೆ, ಇಲ್ಲಿಗೆ ತಲುಪುವಷ್ಟರಲ್ಲಿ ಯಾರ ಕೈಲೂ ಏನೂ ಆಗುವುದಿಲ್ಲ. ಅಂದರೆ ಕೆಟ್ಟಿರುವುದು ಕಾಯಿ.

ಮಾರ್ಚಿಯಲ್ಲಿ ಲಂಡನ್ ಸರ್ಕಾರ ಕಳಿಸಿದ ಒಂದು ನೈರ್ಮಲ್ಯ ಆಯೋಗ ಬಂತು. ಡಾಕ್ಟರ್ ಜಾನ್ ಸದರ್ಲೆಂಡ್, ಎಂಜಿನಿಯರ್ ರಾಬರ್ಟ್ ರಾಲಿನ್ಸನ್ ಅದರಲ್ಲಿದ್ದರು. ಈ ರಾಲಿನ್ಸನ್ ರೋಗಿಗಳ ಕಡೆ ನೋಡಲಿಲ್ಲ, ನೆಲದ ಕೆಳಗೆ ನೋಡಿದರು. ಆ ಭಾರಿ ಕಟ್ಟಡ ನಿಂತಿದ್ದದ್ದು ಕಟ್ಟಿಕೊಂಡ ಮೋರಿಗಳ ಮೇಲೆ. ಪಾಯಿಖಾನೆಯ ಕೊಳವೆಗಳಿಂದ ಗಾಳಿ ನೇರ ವಾರ್ಡಿಗೆ. ಕುಡಿಯುವ ನೀರು ಬರುವ ಕಾಲುವೆಯಲ್ಲಿ ಸತ್ತ ಕುದುರೆಯೊಂದು ಕೊಳೆಯುತ್ತ ಬಿದ್ದಿತ್ತು. ಮೊದಲ ಹದಿನೈದು ದಿನದಲ್ಲಿ ಹೊರಸಾಗಿಸಿದ ಹೊಲಸು 556 ಕೈಗಾಡಿ ಮತ್ತು ದೊಡ್ಡ ಬುಟ್ಟಿ. ಮೋರಿ ತೊಳೆಸಿದರು, ಗೋಡೆಗೆ ಸುಣ್ಣ ಬಳಿಸಿದರು, ಕಿಟಕಿ ತೆರೆಸಿದರು, ಕಾಲುವೆ ಸ್ವಚ್ಛ ಮಾಡಿಸಿದರು. ಜೂನ್ ಹೊತ್ತಿಗೆ ಸಾವು ನೂರಕ್ಕೆ 2.2ಕ್ಕೆ ಇಳಿಯಿತು.

ಇದು ಕಣ್ಣೆದುರೇ ನಡೆದರೂ ಅದರ ಅರ್ಥ ಆಕೆಗೆ ಅಲ್ಲೇ ಪೂರ್ತಿ ಹೊಳೆದಂತಿಲ್ಲ. ಬೇಸಿಗೆ ಬಂದಿತ್ತು, ಊಟ ಬಟ್ಟೆ ಸರಿಯಾಗಿ ಬರತೊಡಗಿತ್ತು, ಮುಂಚೂಣಿಯ ಕಷ್ಟ ಕಡಿಮೆಯಾಗಿತ್ತು. ಯಾವುದರಿಂದ ಏನಾಯಿತು ಎಂದು ಹೇಗೆ ಹೇಳುವುದು? ನಡುವೆ ಆಕೆಯೇ ಕ್ರಿಮಿಯಾದ ಬಾಲಕ್ಲಾವದಲ್ಲಿ ಜ್ವರ ಹತ್ತಿ ಸಾಯುವ ಹಾಗಾಗಿದ್ದಳು. ಆ ಕಾಯಿಲೆ ಮುಂದೆ ಬಹುಕಾಲ ಬಿಡಲಿಲ್ಲ. ಯುದ್ಧ ಮುಗಿದು 1856ರ ಆಗಸ್ಟಿನಲ್ಲಿ ಊರಿಗೆ ಬಂದಾಗ ಇಂಗ್ಲೆಂಡಿನ ತುಂಬ ಆಕೆಯ ಚಿತ್ರ, ಹಾಡು. ಆಕೆ ಮೆರವಣಿಗೆಗೆ ಸಿಗದೆ ಸದ್ದಿಲ್ಲದೆ ಮನೆ ಸೇರಿದಳು.

ನಿಜವಾದ ಆವಿಷ್ಕಾರ ನಡೆದದ್ದು ಇದಾದ ಮೇಲೆ, ಆಸ್ಪತ್ರೆಯಲ್ಲಲ್ಲ, ಮೇಜಿನ ಮೇಲೆ. ಜನನ ಮರಣ ದಾಖಲೆ ಕಚೇರಿಯಲ್ಲಿ ವಿಲಿಯಂ ಫಾರ್ ಎಂಬ ಡಾಕ್ಟರಿದ್ದರು. ಯಾವ ಊರಲ್ಲಿ, ಯಾವ ರೋಗಕ್ಕೆ, ಸಾವಿರಕ್ಕೆ ಎಷ್ಟು ಜನ ಸಾಯುತ್ತಾರೆ ಎಂದು ಇಡೀ ಇಂಗ್ಲೆಂಡಿನ ಲೆಕ್ಕ ಇಡುತ್ತಿದ್ದವರು. ಅವರ ಜೊತೆ ಕೂತು ನೈಟಿಂಗೇಲ್ ಸೈನ್ಯದ ಕಾಗದಗಳನ್ನು ಬಿಡಿಸಿದಳು. ಬಿಡಿಸುವುದೇ ಒಂದು ಸಾಹಸ. ಸ್ಕುಟಾರಿಯಲ್ಲಿ ಸತ್ತವರ ಲೆಕ್ಕ ಬೇರೆ ಬೇರೆ ಪುಸ್ತಕಗಳಲ್ಲಿತ್ತು, ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಹೂತವರ ಸಂಖ್ಯೆಯೇ ಒಂದು, ಸತ್ತವರ ಸಂಖ್ಯೆಯೇ ಇನ್ನೊಂದು.

ಲೆಕ್ಕ ಒಂದು ಹದಕ್ಕೆ ಬಂದಾಗ 1855ರ ಜನವರಿಯ ಸಾಲಿನಲ್ಲಿ ಒಂದು ಅಂಕಿ ಕೂತಿತ್ತು: ವರ್ಷದ ಲೆಕ್ಕಕ್ಕೆ ಹಿಡಿದರೆ ಸಾವಿರಕ್ಕೆ 1,174. ಸಾವಿರ ಕಾಯಿಯಲ್ಲಿ ಸಾವಿರದ ನೂರ ಎಪ್ಪತ್ತನಾಲ್ಕು ಕೆಡುವುದು ಹೇಗೆ ಎಂದು ನಮ್ಮ ಕೊಬ್ಬರಿ ಸಾಹುಕಾರರು ನಗುತ್ತಾರೆ. ಅರ್ಥ ಇಷ್ಟು: ಆ ತಿಂಗಳಿನ ವೇಗದಲ್ಲೇ ಸಾಯುತ್ತ ಹೋಗಿ, ಸತ್ತವರ ಜಾಗಕ್ಕೆ ಹೊಸಬರು ಬರದಿದ್ದರೆ, ವರ್ಷ ತುಂಬುವ ಮೊದಲೇ ಸೈನ್ಯದಲ್ಲಿ ಒಬ್ಬನೂ ಉಳಿಯುವುದಿಲ್ಲ. ಆ 1,174ರಲ್ಲಿ 1,023 ತಡೆಯಬಹುದಾಗಿದ್ದ ರೋಗಗಳದು. ಶತ್ರುವಿನ ಗುಂಡು ಆ ಸಾಲಿನಲ್ಲಿ ಒಂದು ಮೂಲೆ. ಇಡೀ ಯುದ್ಧದಲ್ಲಿ ಸತ್ತ ಸುಮಾರು 21,000 ಬ್ರಿಟಿಷ್ ಸೈನಿಕರಲ್ಲಿ 16,000ಕ್ಕೂ ಹೆಚ್ಚು ಜನರನ್ನು ಒಯ್ದದ್ದು ರೋಗ.

ಇದಕ್ಕಿಂತ ಕಹಿಯಾದದ್ದು ಪಕ್ಕದ ಅಟ್ಟದ ಹೋಲಿಕೆ. ಇತಿಹಾಸಕಾರ ಹ್ಯೂ ಸ್ಮಾಲ್ ಆ ಕಾಗದಗಳನ್ನೆಲ್ಲ ಮತ್ತೆ ಜಾಲಾಡಿ 1998ರಲ್ಲಿ ಒಂದು ಪುಸ್ತಕ ಬರೆದರು. ಅವರು ಎತ್ತಿ ತೋರಿಸುವುದು ಇದನ್ನು: ಮುಂಚೂಣಿಗೆ ಹತ್ತಿರವಿದ್ದ, ಸಾಮಾನು ಸರಂಜಾಮು ಇನ್ನೂ ಕಡಿಮೆಯಿದ್ದ ಆಸ್ಪತ್ರೆಗಳಿಗಿಂತ ಸ್ಕುಟಾರಿಯಲ್ಲಿ ಸಾವಿನ ಪ್ರಮಾಣ ಜಾಸ್ತಿ. ಅದೇ ಸೈನ್ಯ, ಅದೇ ಹಸಿವು, ಅದೇ ಚಳಿ. ಸ್ಕುಟಾರಿಗೆ ಬಂದವರು ಹೆಚ್ಚು ಸತ್ತರು. ತಪ್ಪು ಕಾಯಿಯದಲ್ಲ. ಹಗಲೂ ರಾತ್ರಿ ತಾನು ನೆಲ ಉಜ್ಜಿಸಿ, ಹೊದಿಕೆ ಹೊದಿಸಿ, ಲಾಟೀನು ಹಿಡಿದು ಸುತ್ತಿದ ಆ ಮನೆಯೇ ಅವರನ್ನು ಕೊಂದಿತ್ತು. ಆರಿಂದ ಎಂಟು ವಾರ ಮೊದಲೇ ಮೋರಿ ತೊಳೆಸಿದ್ದರೆ? ಆ ಪ್ರಶ್ನೆಯನ್ನು ಆಕೆಗೆ ಯಾರೂ ಕೇಳಲಿಲ್ಲ. 1857ರ ಆಗಸ್ಟಿನಲ್ಲಿ ಆಕೆ ಕುಸಿದು ಹಾಸಿಗೆ ಹಿಡಿದಳು. ಕ್ರಿಮಿಯಾದ ಜ್ವರದ ಶೇಷ ಎಂದು ಹಲವರು, ಈ ಲೆಕ್ಕದ ಪೆಟ್ಟು ಎಂದು ಸ್ಮಾಲ್. ಎರಡೂ ಇದ್ದೀತು ಎಂದು ನನ್ನ ಎಣಿಕೆ.

ಇಂಥದ್ದು ಕೈಗೆ ಸಿಕ್ಕರೆ ಬಹಳ ಜನ ಪುಸ್ತಕ ಮುಚ್ಚಿಡುತ್ತಾರೆ. ದೇಶವೇ ದೇವತೆ ಎಂದು ಕೊಂಡಾಡುತ್ತಿರುವಾಗ ಸುಮ್ಮನಿದ್ದರೆ ನಷ್ಟ ಏನಿತ್ತು? ಆಕೆ ಅದನ್ನು ಚಿತ್ರ ಮಾಡಿ ಅಚ್ಚು ಹಾಕಿಸಿದಳು. 1858ರ ಆ ಚಿತ್ರ ನೋಡಿದರೆ ಹನ್ನೆರಡು ದಳದ ರಂಗೋಲಿ. ತಿಂಗಳಿಗೊಂದು ದಳ. ನಡುವಿನ ಚುಕ್ಕಿಯಿಂದ ಹೊರಡುವ ಕೆಂಪು ಗಾಯದಿಂದ ಸತ್ತವರದು, ಕಪ್ಪು ಇತರೆ ಕಾರಣದ್ದು, ನೀಲಿ ತಡೆಯಬಹುದಾಗಿದ್ದ ರೋಗದ್ದು. ಜನವರಿಯ ನೀಲಿ ದಳ ಕಾಗದದ ಅಂಚಿಗೆ ಹೋಗಿ ತಾಗುತ್ತದೆ, ಕೆಂಪನ್ನು ಹುಡುಕಬೇಕು. ಮಂತ್ರಿಗಳು ಅಂಕಿಗಳ ಕೋಷ್ಟಕ ಓದುವುದಿಲ್ಲ ಎಂದು ಆಕೆಗೆ ಗೊತ್ತಿತ್ತು. ಶಾಂತಿಕಾಲದಲ್ಲೂ ಬ್ಯಾರಕ್ಕಿನಲ್ಲಿ ವರ್ಷಕ್ಕೆ 1,100 ಸೈನಿಕರು ಸುಮ್ಮನೆ ಸಾಯುತ್ತಿದ್ದಾರೆ, ಅವರನ್ನು ಬಯಲಿಗೆ ಕರೆದೊಯ್ದು ಗುಂಡಿಕ್ಕಿದರೂ ಒಂದೇ ಎಂದು ಆಕೆ ಆಡಿದ ಮಾತು ಅಂಥವರ ಕಿವಿಗೆಂದೇ.

ಒಂದು ಮಾತು ಇಲ್ಲಿ ಸೇರಿಸಬೇಕು. ರೋಗ ಹರಡುವುದು ಹೇಗೆ ಎಂಬುದರಲ್ಲಿ ನೈಟಿಂಗೇಲ್ ನಂಬಿದ್ದದ್ದು ತಪ್ಪು. ಕೊಳೆತ ಗಾಳಿಯಿಂದ ರೋಗ ಎಂದು ಆಕೆ ಬಹುಕಾಲ ನಂಬಿದ್ದಳು; ಸೂಕ್ಷ್ಮಜೀವಿಯ ಮಾತನ್ನು ಒಪ್ಪಿದ್ದು ವಯಸ್ಸಾದ ಮೇಲೆ. ಆಕೆ ಸ್ಕುಟಾರಿಗೆ ಹೊರಡುವ ಆರು ವಾರ ಮೊದಲಷ್ಟೇ ಅದೇ ಲಂಡನ್ನಿನಲ್ಲಿ ಜಾನ್ ಸ್ನೋ ಎಂಬ ಡಾಕ್ಟರು ಕಾಲರಾಕ್ಕೆ ಕಾರಣ ನೀರು ಎಂದು ತೋರಿಸಿ ಬ್ರಾಡ್ ಸ್ಟ್ರೀಟಿನ ಪಂಪಿನ ಹಿಡಿ ತೆಗೆಸಿದ್ದರು. ಅದು ಆಕೆಗೆ ನಾಟಿರಲಿಲ್ಲ. ಆದರೆ ಹೆಂಚು ಸೋರುವುದನ್ನು ಕಂಡುಹಿಡಿಯಲು ಬೂಷ್ಟಿನ ಜಾತಿ ಗೊತ್ತಿರಬೇಕೆಂದಿಲ್ಲ. ಲೆಕ್ಕ ಸರಿಯಿತ್ತು, ಅದಕ್ಕೆ ಮದ್ದೂ ಸರಿಬಂತು.

ಇನ್ನು ನಮ್ಮ ಕಡೆಯ ಮಾತು. 1857ರ ದಂಗೆಯ ಸುದ್ದಿ ಬಂದಾಗ ಭಾರತಕ್ಕೆ ಬರುತ್ತೇನೆ ಎಂದು ಆಕೆ ಹೇಳಿ ಕಳಿಸಿದ್ದುಂಟು. ಬರುವುದಾಗಲಿಲ್ಲ, ಕೊನೆಗೂ ಬರಲೇ ಇಲ್ಲ. ಬದಲಿಗೆ ಫಾರಂ ಬಂತು. ಭಾರತದ ಸೈನ್ಯದ ಆರೋಗ್ಯದ ಬಗ್ಗೆ 1859ರಲ್ಲಿ ರಾಯಲ್ ಕಮಿಷನ್ ಆದಾಗ ಆಕೆ ಪ್ರಶ್ನೆಪಟ್ಟಿ ಬರೆದು ಇಲ್ಲಿನ ಪ್ರತಿ ದಂಡು ಪ್ರದೇಶಕ್ಕೂ ಕಳಿಸಿಕೊಟ್ಟಳು: ನೀರು ಎಲ್ಲಿಂದ, ಮೋರಿ ಎಲ್ಲಿಗೆ, ಎಷ್ಟು ಜನಕ್ಕೆ ಎಷ್ಟು ಜಾಗ, ಸತ್ತವರೆಷ್ಟು. ಬಂದ ಉತ್ತರಗಳು ಎಷ್ಟಿದ್ದವೆಂದರೆ ಆಕೆ ಮನೆ ಬದಲಾಯಿಸುವಾಗ ಆ ಕಾಗದಗಳಿಗೇ ಬೇರೆ ಗಾಡಿ ಬೇಕಾಯಿತಂತೆ. 1863ರಲ್ಲಿ ಅಚ್ಚಾದ ವರದಿ ಎರಡು ದಪ್ಪ ಸಂಪುಟ, 2,000ಕ್ಕೂ ಹೆಚ್ಚು ಪುಟ.

ಬೆಂಗಳೂರಿನ ದಂಡಿನಿಂದಲೂ ಉತ್ತರ ಹೋಗಿತ್ತು. ಆಕೆ ಎತ್ತಿ ಆಡಿದ ನೀರಿನ ನೆಲೆಗಳಲ್ಲಿ ನಮ್ಮ ಹಲಸೂರು ಕೆರೆಯೂ ಒಂದು. ತೂಬು ಸಾಕಷ್ಟು ತಗ್ಗಿನಲ್ಲಿಲ್ಲ, ಕೆರೆ ಪೂರ್ತಿ ಖಾಲಿಯಾಗುವುದೇ ಇಲ್ಲ, ಹೊಲಸೆಲ್ಲ ತಳದಲ್ಲೇ ಕೂರುತ್ತದೆ, ಅದೇ ನೀರು ಕುಡಿಯುತ್ತಾರೆ ಎಂದು. ತೂಬಿನ ಎತ್ತರ ನೋಡಿ ಕೆರೆಯ ಆರೋಗ್ಯ ಹೇಳುವುದು ನಮ್ಮ ನೀರುಗಂಟಿಗಳಿಗೆ ಹೊಸದೇನಲ್ಲ. ಲಂಡನ್ನಿನಲ್ಲಿ ಮಲಗಿದ್ದ ನರ್ಸಮ್ಮನಿಗೆ ಅದು ಕಂಡದ್ದು ವಿಶೇಷ. ಇಡೀ ಭಾರತದ ಬ್ರಿಟಿಷ್ ಸೈನ್ಯಕ್ಕೆ ಆಕೆ ತೆಗೆದ ಮೊತ್ತ, ವರ್ಷಕ್ಕೆ ಸಾವಿರಕ್ಕೆ 69 ಸಾವು. ಹತ್ತು ವರ್ಷದ ಮೇಲೆ, ಬ್ಯಾರಕ್ಕು ಮೋರಿ ನೀರು ಸುಧಾರಿಸಿದ ಮೇಲೆ, ಅದು 18ಕ್ಕೆ ಬಂತೆಂದು ಆಕೆಯೇ ಬರೆದಳು.

ಅರವತ್ತೊಂಬತ್ತು ಹದಿನೆಂಟಾದದ್ದು ಬಿಳಿಯ ಸಿಪಾಯಿಗೆ. ದಂಡಿನ ಬೇಲಿಯ ಆಚೆ? ಆಕೆಯ ಗಮನ ಮೆಲ್ಲಗೆ ಆ ಕಡೆ ಹೊರಳಿತು. ಬ್ಯಾರಕ್ಕಿಗೆ ಬರುವ ನೀರು ಊರಿನಿಂದಲೇ ಬರುತ್ತದಲ್ಲ. ಗೋದಾವರಿಗೆ ಕಟ್ಟೆ ಕಟ್ಟಿದ್ದ ಎಂಜಿನಿಯರ್ ಆರ್ಥರ್ ಕಾಟನ್ ಜೊತೆ ಪತ್ರ ವ್ಯವಹಾರ ನಡೆಯಿತು. ಹೊಲಕ್ಕೆ ನೀರಿಲ್ಲದೆ ಆರೋಗ್ಯದ ಮಾತು ವ್ಯರ್ಥ, ರೈಲಿಗೆ ಸುರಿಯುವ ದುಡ್ಡನ್ನು ನೀರಾವರಿಗೂ ಸುರಿಯಿರಿ ಎಂದು ಕಾಟನ್‌ರ ವಾದ. ಆಕೆ ಅದನ್ನು ತನ್ನದು ಮಾಡಿಕೊಂಡಳು. ರೈತನ ಸಾಲ, ಸಾಹುಕಾರನ ಬಡ್ಡಿ ಇವೂ ಆಕೆಯ ಬರಹಕ್ಕೆ ಬಂದವು. 1878ರ ಆಗಸ್ಟಿನಲ್ಲಿ ಲಂಡನ್ನಿನ ಒಂದು ಮಾಸಪತ್ರಿಕೆಯಲ್ಲಿ ಭಾರತದ ಜನರ ಬಗ್ಗೆ ಬರೆದ ಲೇಖನದಲ್ಲಿ, ಧಾತು ಈಶ್ವರದ ಬರಕ್ಕೆ 50-60 ಲಕ್ಷ ಜನ ಬಲಿಯಾದರೆಂದು ಹೇಳಿ, ಇದು ನಿಮಗೆ ಯಾಕೆ ತಟ್ಟುವುದಿಲ್ಲ ಎಂದು ತನ್ನ ದೇಶದವರನ್ನೇ ಜಾಡಿಸಿದಳು. ಸ್ಕುಟಾರಿಯ ನೀಲಿ ದಳವನ್ನು ಬಿಡಿಸಿದ ಕೈಯೇ ಅದು. ತಡೆಯಬಹುದಾಗಿತ್ತೇ ಇಲ್ಲವೇ ಎಂಬ ಒಂದೇ ಪ್ರಶ್ನೆ.

ಆಕೆ ಸಾಮ್ರಾಜ್ಯದ ವಿರೋಧಿಯೇನಲ್ಲ. ಅದು ಚೆನ್ನಾಗಿ ನಡೆಯಬೇಕು ಎನ್ನುವವಳು. ಅದನ್ನು ಮರೆಸಿ ಹೊಗಳುವುದು ಬೇಡ. ಬೋರನಕಣಿವೆಯ ಕಟ್ಟೆಗೆ ಆಕೆ ಕಾರಣ ಎಂದೂ ನಾನು ಹೇಳುತ್ತಿಲ್ಲ.

ಮೈಸೂರು ಸೀಮೆ ನೀರಾವರಿಗೆ ಹೊಸತಲ್ಲ. ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ, ಇಲ್ಲಿನ ನೆಲದ ಸುಮಾರು ನೂರಕ್ಕೆ 60 ಭಾಗ ಆಗಲೇ ಕೆರೆಗಳ ಸರಪಣಿಗೆ ಸೇರಿಬಿಟ್ಟಿದೆ, ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ ಎಂದು ಬರೆದಿಟ್ಟಿದ್ದರು. ಆದರೆ ಕೆರೆ ಮಳೆಯ ಕೂಸು. ಮಳೆ ಒಂದು ವರ್ಷ ಕೈಕೊಟ್ಟರೆ ಕೆರೆ ತಡೆದೀತು, ಮೇಲೆ ಮೇಲೆ ಕೈಕೊಟ್ಟರೆ ಮೇಲಿನ ಕೆರೆಯೂ ಒಣಗಿ ಕೆಳಗಿನದೂ ಒಣಗುತ್ತದೆ. ಧಾತು ಈಶ್ವರದಲ್ಲಿ ಆದದ್ದು ಅದು. ಅದರ ಪೆಟ್ಟು ಬಲವಾಗಿ ಬಿದ್ದ ಜಿಲ್ಲೆಗಳಲ್ಲಿ ನಮ್ಮ ತುಮಕೂರೂ ಒಂದು. 1881ರಲ್ಲಿ ರಾಜ್ಯ ಒಡೆಯರ ಕೈಗೆ ಮರಳಿ ಬಂದಾಗ ಬೊಕ್ಕಸದ ಮೇಲೆ ಬರದ ಸಾಲ ಕೂತಿತ್ತು. ಅದನ್ನು ಹೊತ್ತುಕೊಂಡೇ ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಕಣಿವೆ ಹುಡುಕಿ ಹೊಳೆಗೆ ಅಡ್ಡ ಕಟ್ಟುವ ಕೆಲಸ ಶುರುವಾಯಿತು. 1892ರ ಹೊತ್ತಿಗೆ ಬೋರನಕಣಿವೆ. ಅದಕ್ಕಿಂತ ಬಹು ದೊಡ್ಡದಾದ ಮಾರಿಕಣಿವೆ, ನಾವೀಗ ವಾಣಿವಿಲಾಸ ಸಾಗರ ಎನ್ನುವುದು, ಶುರುವಾದದ್ದು 1898ರಲ್ಲಿ, ಮುಗಿದದ್ದು 1907ರಲ್ಲಿ.

ಬೋರನಕಣಿವೆ ಮುಗಿಯುವ ಕೆಲವು ವರ್ಷ ಮೊದಲು, 1888ರಲ್ಲಿ, ಕ್ಯಾಥರೀನ್ ಲೋಕ್ ಮತ್ತು ಆಕ್ಸ್‌ಲಿ ಎಂಬ ಇಬ್ಬರ ಮುಂದಾಳತ್ವದಲ್ಲಿ ತರಬೇತಾದ ಹತ್ತು ನರ್ಸುಗಳು ಬೊಂಬಾಯಿಯಲ್ಲಿ ಇಳಿದರು. ಇಲ್ಲಿನ ಮಿಲಿಟರಿ ಆಸ್ಪತ್ರೆಗಳಲ್ಲಿ ನರ್ಸಿಂಗ್ ಶುರು ಮಾಡಲು ಬಂದವರು. ನಮ್ಮ ಸೈನ್ಯದ ಈಗಿನ ಮಿಲಿಟರಿ ನರ್ಸಿಂಗ್ ಸರ್ವಿಸ್ ತನ್ನ ಹುಟ್ಟನ್ನು ಎಣಿಸುವುದು ಅಲ್ಲಿಂದಲೇ. 1914ರ ಮಹಾಯುದ್ಧದಲ್ಲಿ ಆ ಸರ್ವಿಸಿನವರು ಫ್ಲಾಂಡರ್ಸ್, ಈಜಿಪ್ಟ್, ಮೆಸಪೊಟೇಮಿಯಗಳಿಗೆ ಹೋದರು. ಭಾರತದ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳತೊಡಗಿದ್ದೂ ಆ ಯುದ್ಧದಲ್ಲಿ. ಪರ್ಮನೆಂಟ್ ಸೇವೆಯಾಗಿ ನಿಂತದ್ದು 1926ರ ಅಕ್ಟೋಬರ್ 1ರಂದು. ಆ ನರ್ಸುಗಳು ಹೋದ ಕಡೆಯೆಲ್ಲ ಹಾಸಿಗೆಯ ಕಾಲಕಡೆ ಚಾರ್ಟು ತೂಗುಹಾಕುತ್ತಾರೆ. ಜ್ವರ ಎಷ್ಟು, ನೀರು ಎಷ್ಟು ಹೋಯಿತು, ಎಷ್ಟು ಬಂತು. ಎಣಿಸಿ ಬರೆಯುವುದು.

ಏರಿಯ ಮೇಲಿನ ಯಜಮಾನರಿಗೆ ಅವತ್ತು ಉತ್ತರ ಹೇಳಲಾಗಲಿಲ್ಲ; ಆಡು ತೋಟಕ್ಕೆ ನುಗ್ಗಿ ಅವರು ಎದ್ದು ಓಡಿದರು. ಅವರು ಕೇಳಿದ ಲೆಕ್ಕ ಖಾನೇಶುಮಾರಿಯ ಪುಸ್ತಕದಲ್ಲಿದೆ. ಬರಕ್ಕೆ ಮೊದಲು, 1871ರಲ್ಲಿ, ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. ಬರದ ಮೇಲೆ, 1881ರಲ್ಲಿ, 41,86,188. ಸತ್ತವರು, ಊರು ಬಿಟ್ಟವರು, ಹುಟ್ಟಬೇಕಿದ್ದು ಹುಟ್ಟದವರು ಎಲ್ಲ ಸೇರಿ ಸಾವಿರಕ್ಕೆ 172 ಕಡಿಮೆ. ಬೋರನಕಣಿವೆ ಕಟ್ಟುತ್ತಿದ್ದ 1891ರಲ್ಲಿ 49,43,604. ಇಪ್ಪತ್ತು ವರ್ಷವಾದರೂ ಹಳೆಯ ಮಟ್ಟ ಮುಟ್ಟಿರಲಿಲ್ಲ. ಮುಟ್ಟಿ ದಾಟಿದ್ದು 1901ರಲ್ಲಿ.